ಮಣ್ಣು ಯಾವ ಕಡೆಗೆ ಹಾಕಿದ್ದಾರೆ?

ನಮ್ಮೂರು ಹುಣಸೂರು ತಾಲ್ಲೂಕಿನಲ್ಲಿದೆ, ನಾಗರಹೊಳೆ ಕಾಡಿನ ಅಂಚಿಗೆ. ನಮ್ಮ ಹೊಲ ಮುಗಿಯುವಲ್ಲೇ ಆನೆ ಕಂದಕ. ಚಿಕ್ಕಂದಿನಿಂದ ಕಂದಕ ಅಂದರೆ ನನ್ನ ಕಣ್ಣಿಗೆ ಬರುವುದು ಅದೇ: ಮಳೆಗೆ ಕುಸಿದ ದಡ, ತಳದಲ್ಲಿ ಕೆಸರು, ಆಚೆಗೆ ಲಂಟಾನ. ಕೋಟೆಯ ಕಂದಕ ನೋಡಿದ್ದು ಆಮೇಲೆ, ಶಾಲೆಯಿಂದ ಶ್ರೀರಂಗಪಟ್ಟಣಕ್ಕೆ ಪ್ರವಾಸ ಹೋದಾಗ.

ಇಂಗ್ಲೆಂಡಿನಲ್ಲಿ ಏಳೆಂಟು ನೂರು ವರ್ಷದ ಹಿಂದೆ ಜಿಂಕೆಗಳಿಗೋಸ್ಕರ ತೋಡಿದ ಕಂದಕಗಳು ಇನ್ನೂ ಉಳಿದಿವೆ ಅಂತ ಓದಿದ ದಿನದಿಂದ ಅವನ್ನು ನೋಡುವ ಆಸೆ ಇತ್ತು. ಅಕ್ಕ, ಭಾವ ರೆಡಿಂಗ್‌ನಲ್ಲಿದ್ದಾರೆ. ಅಕ್ಟೋಬರ್ ಕೊನೆ ವಾರ ಅಲ್ಲಿ ಶಾಲೆಗೆ ರಜೆ. ಅಕ್ಕನ ಹತ್ತು ವರ್ಷದ ಮಗಳು ಪುಟ್ಟಿ, "ಚಿಕ್ಕಮ್ಮ, ನಾನೂ ಬರ್ತೀನಿ" ಅಂದಳು. ಭಾವ ಕಾರು ಓಡಿಸಲು ಒಪ್ಪಿದರು. ಐದು ದಿನಕ್ಕೆ ಅಷ್ಟು ಸಾಕಾಯಿತು.

ಮೊದಲ ದಿನ: ಲಂಡನ್

ಲಂಡನ್ನಿನಲ್ಲಿ ಇದ್ದದ್ದು ಅರ್ಧ ದಿನ. ನೇರವಾಗಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಹೋದೆವು. ಅಲ್ಲಿ ಕ್ಲಾರೆಂಡನ್ ಅರಮನೆಯಿಂದ ತಂದ ನೆಲದ ಬಿಲ್ಲೆಗಳಿವೆ. 3ನೇ ಹೆನ್ರಿ ದೊರೆಯ ಪ್ರಾರ್ಥನಾ ಮಂದಿರಕ್ಕೆ 1240ರ ದಶಕದಲ್ಲಿ ಹಾಸಿದ್ದು. ಚಕ್ರದಂತೆ ಒಂದರ ಸುತ್ತ ಒಂದು ಸುತ್ತು. ಅವನ್ನು ಸುಟ್ಟ ಗೂಡನ್ನೂ ಅಗೆದು ತಂದು ಇಟ್ಟಿದ್ದಾರೆ. ನಾಳೆ ನಾವು ನಡೆಯಬೇಕಿದ್ದ ಗುಡ್ಡದ ಮಣ್ಣು ಅದು. ನನಗೆ ಆ ಬಿಲ್ಲೆಗಳಿಗಿಂತ ಗೂಡೇ ಹೆಚ್ಚು ಇಷ್ಟವಾಯಿತು.

ಸಂಜೆ ಹೈಡ್ ಪಾರ್ಕಿನಲ್ಲಿ ನಡೆಯುವಾಗ ಪುಟ್ಟಿಗೆ ಒಂದು ವಿಷಯ ಹೇಳಿದೆ. ಈ ಜಾಗವನ್ನು 8ನೇ ಹೆನ್ರಿ 1536ರಲ್ಲಿ ಕ್ರೈಸ್ತ ಮಠದವರಿಂದ ತೆಗೆದುಕೊಂಡು ಜಿಂಕೆ ಬೇಟೆಗೆ ಬೇಲಿ ಹಾಕಿಸಿದ. 'ಪಾರ್ಕ್' ಅನ್ನುವ ಮಾತಿಗೇ ಇಂಗ್ಲೆಂಡಿನಲ್ಲಿ ಮೊದಲಿದ್ದ ಅರ್ಥ, ಬೇಟೆ ಪ್ರಾಣಿಗಳನ್ನು ಕೂಡಿಹಾಕಿದ ಜಾಗ ಅಂತ. ನಮ್ಮ ಬಡಾವಣೆಗಳಲ್ಲಿ ಜಾರುಬಂಡೆ, ಸಿಮೆಂಟ್ ಬೆಂಚು ಇರುವ ಪಾರ್ಕಿನ ಹೆಸರಿನೊಳಗೆ ಒಂದು ಬೇಲಿ ಅಡಗಿದೆ.

ಎರಡನೇ ದಿನ: ಸಾಲಿಸ್‌ಬರಿ, ಕ್ಲಾರೆಂಡನ್

ಬೆಳಿಗ್ಗೆ ಸಾಲಿಸ್‌ಬರಿ ತಲುಪಿದೆವು. ಕೆಥೆಡ್ರಲ್ಲಿನ ಗೋಪುರ 123 ಮೀಟರ್. ಊರಿನ ಯಾವ ಸಂದಿಯಿಂದ ತಲೆ ಎತ್ತಿದರೂ ಕಾಣುತ್ತದೆ. ಒಳಗೆ 1215ರ ಮ್ಯಾಗ್ನಾ ಕಾರ್ಟಾದ, ಅಂದರೆ ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಸನದಿನ, ನಾಲ್ಕು ಮೂಲ ಪ್ರತಿಗಳಲ್ಲಿ ಒಂದಿದೆ. ಜನ ಸಾಲುಗಟ್ಟಿ ಅದನ್ನು ನೋಡುತ್ತಾರೆ. ನನ್ನ ಮನಸ್ಸು ಮಾತ್ರ ಎರಡು ವರ್ಷದ ನಂತರ ಬಂದ ಇನ್ನೊಂದು ಸನದಿನ ಮೇಲಿತ್ತು. 1217ರ ಅರಣ್ಯ ಸನದು. ದೊರೆಯ ಜಿಂಕೆ ಕೊಂದವನ ಜೀವ ತೆಗೆಯುವಂತಿಲ್ಲ, ಕೈಕಾಲು ಕಡಿಯುವಂತಿಲ್ಲ ಅಂತ ಅದರಲ್ಲಿ ಬರೆದಿದೆ. ಹಾಗೆ ಬರೆಯಬೇಕಾಗಿ ಬಂತು ಅಂದರೆ ಅದಕ್ಕೆ ಮುಂಚೆ ಏನು ನಡೆಯುತ್ತಿತ್ತು ಅಂತ ಯೋಚಿಸಿ.

ಕೆಥೆಡ್ರಲ್ಲಿನಿಂದ ಪೂರ್ವಕ್ಕೆ ಕ್ಲಾರೆಂಡನ್ ವೇ ಅನ್ನುವ ಕಾಲುದಾರಿ ವಿಂಚೆಸ್ಟರ್ ತನಕ ಹೋಗುತ್ತದೆ, 24 ಮೈಲಿ. ನಾವು ಹಿಡಿದದ್ದು ಅದರ ಮೊದಲ ಮೂರು ಮೈಲಿ. ಮನೆಗಳು ಮುಗಿದವು, ಹೊಲ ಬಂತು, ನಿಧಾನವಾಗಿ ಏರು ಶುರುವಾಯಿತು. ನೆಲದಲ್ಲಿ ಎಲ್ಲಿ ನೋಡಿದರೂ ಸುಣ್ಣದ ಬಿಳುಪು, ಕಪ್ಪು ಚಕಮಕಿ ಕಲ್ಲು. ಗುಡ್ಡದ ಮೇಲೆ ಕಾಡಿನ ನಡುವೆ ಅರಮನೆ. ಅರಮನೆ ಅಂದೆ, ಆದರೆ ಎದ್ದು ನಿಂತಿರುವುದು ದೊಡ್ಡ ಹಜಾರದ ಒಂದು ಗೋಡೆ. ಚಕಮಕಿ ಕಲ್ಲಿನ ಆ ಎತ್ತರದ ತುಂಡು ಬಿಟ್ಟರೆ ಉಳಿದದ್ದೆಲ್ಲ ಹುಲ್ಲಿನೊಳಗೆ ಮೊಣಕಾಲೆತ್ತರದ ಅಡಿಪಾಯ. 1930ರ ದಶಕದಲ್ಲಿ ಟ್ಯಾಂಕ್ರೆಡ್ ಬೊರೇನಿಯಸ್ ಮತ್ತು ಜಾನ್ ಚಾರ್ಲ್‌ಟನ್ ಇಲ್ಲಿ ಅಗೆಸಿದರು.

1164ರಲ್ಲಿ 2ನೇ ಹೆನ್ರಿ ಇದೇ ಜಾಗದಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್ ಮುಂದೆ, ಚರ್ಚಿನ ಅಧಿಕಾರಕ್ಕೆ ಕಡಿವಾಣ ಹಾಕುವ ತನ್ನ ಷರತ್ತುಗಳನ್ನಿಟ್ಟ. ಆರು ವರ್ಷದ ನಂತರ ಬೆಕೆಟ್‌ನ ಕೊಲೆಯಾಯಿತು. ಚರಿತ್ರೆ ಪುಸ್ತಕದಲ್ಲಿ ಕ್ಲಾರೆಂಡನ್ ಬರುವುದು ಆ ಕಾರಣಕ್ಕೆ. ಆದರೆ ದೊರೆಗಳು ಈ ಗುಡ್ಡಕ್ಕೆ ಬರುತ್ತಿದ್ದದ್ದು ಜಿಂಕೆಗಾಗಿ. ಅರಮನೆಯ ಸುತ್ತ 4,000 ಎಕರೆಗೂ ಜಾಸ್ತಿ ಜಿಂಕೆವನ. ಅದರ ಗಡಿಯ ಸುತ್ತಳತೆ ಸುಮಾರು 10 ಮೈಲಿ. ಇಂಗ್ಲೆಂಡಿನ ಅತಿ ದೊಡ್ಡ ಜಿಂಕೆವನಗಳಲ್ಲಿ ಇದೂ ಒಂದು. ಸಾಮಾನ್ಯ ಜಿಂಕೆವನ ಇದರ ಹತ್ತನೇ ಒಂದು ಭಾಗವೂ ಇರುತ್ತಿರಲಿಲ್ಲ.

ಇಂಥವು ಎಷ್ಟಿದ್ದವು ಗೊತ್ತಾ? ದೊರೆ ದೇಶದ ಜಮೀನಿನ ಲೆಕ್ಕ ಬರೆಸಿದ 1086ರ ಡೂಮ್ಸ್‌ಡೇ ದಾಖಲೆಯಲ್ಲಿ ಮೂವತ್ತೈದು ಚಿಲ್ಲರೆ. 1300ರ ಹೊತ್ತಿಗೆ ಸುಮಾರು 3,200 ಆಗಿದ್ದವು ಅನ್ನುವುದು ಕಾಡುಗಳ ಚರಿತ್ರೆ ಬರೆದ ಆಲಿವರ್ ರ‍್ಯಾಕಮ್ ಅವರ ಲೆಕ್ಕ. ದೊರೆ, ಬಿಷಪ್, ಜಮೀನ್ದಾರ ಎಲ್ಲರಿಗೂ ಒಂದೊಂದು ಬೇಕಿತ್ತು. ಕಾರಣ ಬರೀ ಬೇಟೆಯಲ್ಲ. ಜಿಂಕೆ ಮಾಂಸ ಸಂತೆಯಲ್ಲಿ ಕೊಳ್ಳುವ ವಸ್ತುವಾಗಿರಲಿಲ್ಲ. ನಿಮ್ಮದೇ ಜಿಂಕೆವನ ಇರಬೇಕು, ಇಲ್ಲವೇ ಇದ್ದವರು ಉಡುಗೊರೆ ಕಳಿಸಬೇಕು. ಹಬ್ಬಕ್ಕೆ ಜಿಂಕೆ ಮಾಂಸ ಬಡಿಸಿದ ಅಂದರೆ ಅವನ ಅಂತಸ್ತು ಎಲ್ಲರಿಗೂ ತಿಳಿಯುತ್ತಿತ್ತು.

ಮಾಂಸ ಪಾಲು ಮಾಡುವುದಕ್ಕೂ ಒಂದು ಕಟ್ಟಳೆ. ತೊಡೆ ಒಡೆಯನಿಗೆ. ಮುಂಗಾಲಿನ ಹೆಗಲು ಪಾರ್ಕು ಕಾಯುವವನಿಗೆ. ಅರಮನೆ, ಕೋಟೆಗಳನ್ನು ಅಗೆದಾಗ ಹಿಂಗಾಲಿನ ಮೂಳೆಗಳೇ ಜಾಸ್ತಿ ಸಿಗುವುದು ಅದಕ್ಕೇ. ಮೂಳೆ ಎಣಿಸಿದರೆ ಯಾರ ತಟ್ಟೆಗೆ ಏನು ಬಿತ್ತು ಅಂತ ತಿಳಿಯುತ್ತದೆ. ಸೊಂಟದ ಒಂದು ಚೂರನ್ನು ಮಾತ್ರ ಮರಕ್ಕೆ ಎಸೆಯುತ್ತಿದ್ದರಂತೆ, ಕಾಗೆಗೆ. 'ಕಾಗೆ ಮೂಳೆ' ಅಂತಲೇ ಅದಕ್ಕೆ ಹೆಸರು. ಇದನ್ನು ಹೇಳಿದಾಗ ಅಕ್ಕ ತಟ್ಟನೆ ನನ್ನ ಮುಖ ನೋಡಿದಳು. ಅಜ್ಜಿಯ ತಿಥಿಯ ದಿನ ಮಾಳಿಗೆ ಮೇಲೆ ಎಲೆ ಇಟ್ಟು ಕಾಗೆಗೆ ಕಾದದ್ದು ಇಬ್ಬರಿಗೂ ನೆನಪಾಗಿತ್ತು.

ಗೋಡೆಯ ಪಕ್ಕದಿಂದ ಪಶ್ಚಿಮಕ್ಕೆ ನೋಡಿದರೆ ಕೆಥೆಡ್ರಲ್ಲಿನ ಗೋಪುರ ಸೂಜಿಯಷ್ಟು ಕಾಣುತ್ತದೆ. ಅಲ್ಲೇ ಕೂತು ಅಕ್ಕ ತಂದಿದ್ದ ಪುಳಿಯೋಗರೆ ತಿಂದೆವು. ಆಮೇಲೆ ನಾನು ಗಡಿಯ ಏರಿ ಹುಡುಕತೊಡಗಿದೆ. ಇಂಗ್ಲಿಷಿನಲ್ಲಿ ಅದಕ್ಕೆ 'ಪಾರ್ಕ್ ಪೇಲ್' ಅನ್ನುತ್ತಾರೆ. ಪೇಲ್ ಅಂದರೆ ಸೀಳಿದ ಓಕ್ ಮರದ ಗೂಟ. ಕಂದಕ ತೋಡಿ, ಮಣ್ಣನ್ನು ಏರಿ ಮಾಡಿ, ಅದರ ನೆತ್ತಿಗೆ ಈ ಗೂಟಗಳ ಬೇಲಿ. ಮರ ಕೊಳೆತು ಹೋಗಿ ಶತಮಾನಗಳಾದವು. ಉಳಿದದ್ದು ಮಣ್ಣು ಮಾತ್ರ.

ಬೆಳಕು ಇಳಿಯುವವರೆಗೂ ಹುಡುಕಿದೆ, ಸಿಗಲಿಲ್ಲ. ರಾತ್ರಿ ರೂಮಿನಲ್ಲಿ ಲೈಡಾರ್ ನಕ್ಷೆ ತೆರೆದೆ. ವಿಮಾನದಿಂದ ಲೇಸರ್ ಬಿಟ್ಟು ನೆಲದ ಏರಿಳಿತ ಅಳೆಯುವ ವಿಧಾನ ಅದು. ಮರಗಳನ್ನು ಕಳೆದು ಬರೀ ನೆಲ ತೋರಿಸುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರವೇ ಅದನ್ನು ಎಲ್ಲರಿಗೂ ಉಚಿತವಾಗಿ ಕೊಟ್ಟಿದೆ. ಪುಟ್ಟಿ ಪರದೆ ಮೇಲೆ ನಮ್ಮ ದಾರಿಯನ್ನು ಬೆರಳಿನಲ್ಲಿ ಎಳೆಯುತ್ತಾ ಬಂದಳು. ಒಂದು ಕಡೆ ಬೆರಳು ನಿಂತಿತು. ಕೂದಲೆಳೆಯಂಥ ಗೆರೆಯೊಂದು ಬಾಗಿ ನಮ್ಮ ದಾರಿಗೆ ಅಡ್ಡ ಬಂದಿತ್ತು. "ಚಿಕ್ಕಮ್ಮ, ಇಲ್ಲಿ ನಾವು ನಡೆದ್ವಿ ಅಲ್ವಾ?" ಹೌದು. ಸುಮ್ನೆ ಒಂದು ಉಬ್ಬು ಅಂದುಕೊಂಡು ಅದರ ಮೇಲೇ ದಾಟಿ ಹೋಗಿದ್ದೆವು.

ಮೂರನೇ ದಿನ: ಕಿಂಗ್ಸ್ ಸಾಂಬೋರ್ನ್

ಈ ದಿನಕ್ಕಾಗಿಯೇ ನಾನು ಇಷ್ಟು ದೂರ ಬಂದದ್ದು ಅಂತ ಈಗ ಅನ್ನಿಸುತ್ತದೆ.

ಕಿಂಗ್ಸ್ ಸಾಂಬೋರ್ನ್ ಹ್ಯಾಂಪ್‌ಶೈರಿನ ಸಣ್ಣ ಊರು, ಟೆಸ್ಟ್ ನದಿಯ ಹತ್ತಿರ. ಕ್ಲಾರೆಂಡನ್ ವೇ ಈ ಊರಿನ ಮೂಲಕವೂ ಹಾದುಹೋಗುತ್ತದೆ. ಊರಿನ ಮಗ್ಗುಲಲ್ಲಿರುವುದು 'ಜಾನ್ ಆಫ್ ಗಾಂಟ್‌ನ ಜಿಂಕೆವನ'. ಜಾನ್ ಆಫ್ ಗಾಂಟ್ 3ನೇ ಎಡ್ವರ್ಡ್‌ನ ಮಗ, ಲ್ಯಾಂಕಾಸ್ಟರಿನ ಡ್ಯೂಕ್, 1399ರಲ್ಲಿ ತೀರಿಕೊಂಡ. ಜಿಂಕೆವನ ಅವನಿಗಿಂತ ಹಳೆಯದು, ಹೆಸರು ಮಾತ್ರ ಅವನದು ನಿಂತಿದೆ. ನಕ್ಷೆಯಲ್ಲಿ 'ಪಾರ್ಕ್ ಪೇಲ್' ಅಂತ ಹಳೆ ಕಾಲದ ಅಕ್ಷರಗಳಲ್ಲಿ ಅಚ್ಚಾಗಿದೆ. ಇಂಗ್ಲೆಂಡಿನ ನಕ್ಷೆಗಳಲ್ಲಿ ಪುರಾತನ ಸ್ಥಳಗಳ ಹೆಸರನ್ನು ಹಾಗೆ ಬೇರೆ ಅಕ್ಷರದಲ್ಲಿ ಹಾಕುತ್ತಾರೆ. ಹುಡುಕುವವರಿಗೆ ದೊಡ್ಡ ಉಪಕಾರ.

ಬೆಳಗಿನ ಬಿಸಿಲು ಇನ್ನೂ ಓರೆಯಾಗಿತ್ತು. ಮಣ್ಣಿನ ಕೆಲಸ ನೋಡಲು ಓರೆ ಬಿಸಿಲೇ ಬೇಕು. ನೆತ್ತಿಯ ಬಿಸಿಲಿನಲ್ಲಿ ಎಲ್ಲ ಚಪ್ಪಟೆ. ಕಾಲುದಾರಿಯ ತಿರುವಿನಲ್ಲಿ ಅದು ಕಂಡಿತು. ಮೊದಲ ನೋಟಕ್ಕೆ ನಮ್ಮ ಕಡೆಯ ಕೆರೆ ಏರಿ ಇದ್ದ ಹಾಗೆ. ಉದ್ದಕ್ಕೂ ಮರ ಬೆಳೆದಿವೆ, ಬೇರುಗಳು ಏರಿಯನ್ನು ತಬ್ಬಿಕೊಂಡಿವೆ, ಮೊಲಗಳು ಬಿಲ ತೋಡಿದ ಕಡೆ ಸುಣ್ಣದ ಬಿಳಿ ಮಣ್ಣು ಹೊರಗೆ ಚೆಲ್ಲಿದೆ. ಕೆಲವು ಕಡೆ ಆಳೆತ್ತರ. ಏರಿಯ ಬುಡಕ್ಕೆ ಕಂದಕ, ಅದರ ತುಂಬ ಒಣ ಎಲೆ.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಊರಿನಲ್ಲಿ ಆಗ ಮಧ್ಯಾಹ್ನ ಮೂರೂವರೆ. ಅಪ್ಪ ಹೊಲದ ಅಟ್ಟಣೆ ಕೆಳಗೆ ಕೂತಿದ್ದರು. ಫೋನನ್ನು ಏರಿಯ ಉದ್ದಕ್ಕೂ ಹಿಡಿದು ತೋರಿಸಿದೆ. ಒಂದು ನಿಮಿಷ ಅಪ್ಪ ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಮಣ್ಣು ಯಾವ ಕಡೀಕೆ ಹಾಕವ್ರೆ, ಮಗ?"

"ಹೊರಗಡೆಗೆ ಅಪ್ಪ. ಕಂದಕ ಒಳಗಿದೆ, ಏರಿ ಹೊರಗಿದೆ."

"ಹಂಗಾರೆ ಒಳಗಿರಾದು ಹೊರೀಕೆ ಬರಬಾರ್ದು ಅಂತ ಮಾಡವ್ರೆ. ನಮ್ಮದೂ ಹಂಗೇ ಅಲ್ವಾ? ಕಂದಕ ಆನೆ ಕಡೀಕೆ, ಮಣ್ಣು ನಮ್ಮ ಕಡೀಕೆ."

ಪುರಾತತ್ವದವರು ಜಿಂಕೆವನದ ಗಡಿಯನ್ನು ಗುರುತಿಸುವುದೂ ಇದೇ ಗುರುತಿನಿಂದ. ಕೋಟೆಗಾದರೆ ಕಂದಕ ಹೊರಗಿರುತ್ತದೆ, ಶತ್ರು ಬರುವ ಕಡೆಗೆ. ಜಿಂಕೆವನಕ್ಕೆ ಕಂದಕ ಒಳಗೆ. ಜಿಂಕೆ ಕಂದಕದ ತಳದಿಂದ ನೆಗೆಯಬೇಕು, ಅದರ ಮೇಲೆ ಏರಿ, ಏರಿಯ ಮೇಲೆ ಬೇಲಿ. ಮೂರೂ ಸೇರಿದ ಎತ್ತರ ಅದಕ್ಕೆ ದಾಟಲಾಗದು. ನಾನು ಪುಸ್ತಕ ಓದಿ ತಿಳಿದದ್ದನ್ನು ಅಪ್ಪ ಫೋನಿನ ಪರದೆಯಲ್ಲಿ ಒಂದು ಸಲ ನೋಡಿ ಹೇಳಿದರು. ನನಗೆ ಗಂಟಲು ಕಟ್ಟಿತು.

ಅಪ್ಪನ ಮುಂದಿನ ಪ್ರಶ್ನೆ, "ಇದ ತೋಡಿದ್ಯಾರು?" ಸುತ್ತಲ ಊರುಗಳ ಒಕ್ಕಲುಗಳು. ಬೇಲಿಯ ಇಂತಿಷ್ಟು ಉದ್ದ ಈ ಊರಿನ ಪಾಲು, ಇಷ್ಟು ಆ ಊರಿನ ಪಾಲು ಅಂತ ಹಂಚಿರುತ್ತಿದ್ದರು. ಗೂಟ ಕೊಳೆತರೆ, ಏರಿ ಕುಸಿದರೆ ಅವರೇ ಸರಿಮಾಡಬೇಕು. ನಮ್ಮಲ್ಲಿ ಬಿಟ್ಟಿ ಅನ್ನುತ್ತಿದ್ದರಲ್ಲ, ಅದೇ. ಒಳಗಿನ ಜಿಂಕೆ ಮಾತ್ರ ಅವರದ್ದಲ್ಲ. 1275ರ ಕಾನೂನಿನ ಪ್ರಕಾರ ಪಾರ್ಕಿಗೆ ನುಗ್ಗಿ ಸಿಕ್ಕಿಬಿದ್ದವನಿಗೆ ಮೂರು ವರ್ಷ ಸೆರೆ. ಬೇಲಿ ಕಟ್ಟಿದವನೇ ಹಸಿದ ರಾತ್ರಿ ಅದನ್ನು ಮುರಿದು ಒಳಗೆ ಹೋಗಿರಬಹುದು. ಯಾವ ಗೂಟ ಸಡಿಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತದೆ?

ಬೇಲಿಗಳಲ್ಲಿ ಇನ್ನೊಂದು ಉಪಾಯವೂ ಇರುತ್ತಿತ್ತು, 'ಡೀರ್ ಲೀಪ್'. ಅಂದರೆ ಜಿಂಕೆ ನೆಗೆತ. ಒಂದು ಕಡೆ ಬೇಲಿ ತಗ್ಗಿಸಿ, ಹೊರಗಡೆ ನೆಲವನ್ನು ಇಳಿಜಾರಾಗಿ ಏರಿಯ ಮಟ್ಟಕ್ಕೆ ತರುತ್ತಿದ್ದರು. ಹೊರಗಿನ ಜಿಂಕೆ ಮೇಯುತ್ತಾ ಮೇಲೆ ಬಂದು, ಒಳಗಿನ ಹಸಿರು ಕಂಡು ಕೆಳಗೆ ನೆಗೆಯುತ್ತದೆ. ಆಮೇಲೆ ವಾಪಸ್ ಬರಲಾಗದು. ಹೊರಗಿನ ಜಿಂಕೆ ಬಹಳ ಸಲ ದೊರೆಯದ್ದೇ ಆಗಿರುತ್ತಿತ್ತು. ಹಾಗಾಗಿ ಇದಕ್ಕೆ ದೊರೆಯ ಅಪ್ಪಣೆ ಬೇಕಿತ್ತು.

ಕಾಲುದಾರಿ ಏರಿಯನ್ನು ದಾಟುವ ಕಡೆ ಪುಟ್ಟಿ ಇದನ್ನು ಪರೀಕ್ಷಿಸಿದಳು. ಹೊರಗಿನಿಂದ ಓಡಿ ಬಂದು ಕೆಳಗಿಳಿದಳು. ಎಲೆಗಳ ರಾಶಿಯಲ್ಲಿ ಮೊಣಕಾಲುದ್ದ ಹೂತು ನಕ್ಕಳು. ಈಗ ತಿರುಗಿ ಹತ್ತು ಅಂದೆ. ಎರಡು ಹೆಜ್ಜೆ ಇಟ್ಟಳು, ಸುಣ್ಣದ ಮಣ್ಣು ಸರ್ರನೆ ಜಾರಿತು. ಅಲ್ಲಿಂದ ಮೇಲೆ ನೋಡಿದಳು. ಅವಳ ತಲೆಗಿಂತ ಎತ್ತರದಲ್ಲಿ ಏರಿಯ ನೆತ್ತಿ, ಅದರ ಮೇಲೆ ಆಕಾಶ. "ಇದರ ಮೇಲೆ ಬೇಲಿ ಬೇರೆ ಇತ್ತಾ?" ಅಂದಳು. ಅವಳ ದನಿ ಸಣ್ಣದಾಗಿತ್ತು. ಭಾವ ಕೈ ಕೊಟ್ಟು ಮೇಲೆ ಎಳೆದರು.

ನಾವು ಏರಿಗುಂಟ ಹೋಗುವಷ್ಟು ದೂರ ಹೋದೆವು. ಎಲ್ಲೂ ಚೂಪು ಮೂಲೆ ಇಲ್ಲ, ಗಡಿ ಬಾಗುತ್ತಾ ಹೋಗುತ್ತದೆ. ಹಳೆ ಜಿಂಕೆವನಗಳ ಆಕಾರವೇ ಹಾಗೆ, ಮೂಲೆ ಉರುಟಾದ ಚೌಕ. ಹಾಗೆ ಮಾಡಿದರೆ ಕಡಿಮೆ ಬೇಲಿಯಲ್ಲಿ ಜಾಸ್ತಿ ಜಾಗ ಸಿಗುತ್ತದೆ. ಓಕ್ ಮರ ಅಗ್ಗವಾಗಿರಲಿಲ್ಲ. ಎಷ್ಟೋ ಕಡೆ ಜಿಂಕೆಗಳು ಹೋಗಿ ಐನೂರು ವರ್ಷವಾದರೂ ಹೊಲದ ಬದುಗಳು ಆ ಬಾಗನ್ನೇ ಹಿಡಿದು ನಡೆದಿವೆ.

ನಾಲ್ಕನೇ ದಿನ: ಫಾರ್ಲಿ ಮೌಂಟ್

ಮಳೆ. ಬೆಳಿಗ್ಗೆಯೆಲ್ಲ ರೂಮಿನಲ್ಲೇ ಕಳೆಯಿತು. ಮಧ್ಯಾಹ್ನ ಮಳೆ ಬಿಟ್ಟ ಮೇಲೆ ಫಾರ್ಲಿ ಮೌಂಟಿಗೆ ಹೋದೆವು. ಗುಡ್ಡದ ತುದಿಯಲ್ಲಿ ಬಿಳಿಯ ಪಿರಮಿಡ್ಡು. ಜಿಂಕೆವನಕ್ಕೂ ಇದಕ್ಕೂ ಸಂಬಂಧವಿಲ್ಲ, ಕಾಲವೂ ಬೇರೆ. 1733ರಲ್ಲಿ ನರಿ ಬೇಟೆಯ ಹೊತ್ತಿನಲ್ಲಿ ಒಂದು ಕುದುರೆ ಸವಾರನ ಸಮೇತ 25 ಅಡಿ ಆಳದ ಸುಣ್ಣದ ಗುಂಡಿಗೆ ನೆಗೆದು ಬದುಕಿತು. ಮುಂದಿನ ವರ್ಷ ಪಂದ್ಯವನ್ನೂ ಗೆದ್ದಿತು. ಅದರ ನೆನಪಿಗೆ ಈ ಸ್ಮಾರಕ.

ನನಗೆ ಆತಕೂರಿನ ಕಲ್ಲು ನೆನಪಾಯಿತು. ಮಂಡ್ಯ ಜಿಲ್ಲೆಯ ಆತಕೂರು. ಕ್ರಿ.ಶ. 949ರ ಸುಮಾರಿಗೆ ಗಂಗರ ಬೂತುಗನಿಂದ ಮಣಲೇರ ಅನ್ನುವ ವೀರ ಬೇಡಿ ಪಡೆದದ್ದು ಕಾಳಿ ಅನ್ನುವ ನಾಯಿಯನ್ನು. ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿದರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹಂದಿ ಮತ್ತು ನಾಯಿ ಕಚ್ಚಾಡುವುದನ್ನು ಎಷ್ಟು ಜೀವಂತವಾಗಿ ಕೆತ್ತಿದ್ದಾರೆ!

ಅದೇ ಹೊತ್ತಿಗೆ ಮನಸ್ಸಿಗೆ ಬಂದದ್ದು ಇಂಗ್ಲೆಂಡಿನ ಹಳ್ಳಿ ನಾಯಿಗಳು. ದೊರೆಯ ಕಾಡಿನೊಳಗಿನ ಊರುಗಳಲ್ಲಿ ಕಾವಲು ನಾಯಿ ಸಾಕಿದರೆ ಅದರ ಮುಂಗಾಲಿನ ಮೂರು ಉಗುರು ಕತ್ತರಿಸಬೇಕಿತ್ತು, ಜಿಂಕೆ ಬೆನ್ನಟ್ಟದಿರಲಿ ಅಂತ. ಕತ್ತರಿಸದಿದ್ದರೆ ಮೂರು ಶಿಲ್ಲಿಂಗ್ ದಂಡ. 1217ರ ಸನದಿನಲ್ಲೇ ಈ ಮಾತಿದೆ. ಕುಂಟುತ್ತಾ ಮನೆ ಕಾದ ಆ ನಾಯಿಗಳಿಗೆ ಯಾರೂ ಕಲ್ಲು ನಿಲ್ಲಿಸಲಿಲ್ಲ.

ಐದನೇ ದಿನ: ನ್ಯೂ ಫಾರೆಸ್ಟ್

ಇಷ್ಟು ದಿನ ಜಿಂಕೆಯ ಮನೆ ನೋಡಿದ್ದಾಯಿತು, ಜಿಂಕೆಯನ್ನೇ ನೋಡಬೇಡವಾ? ನ್ಯೂ ಫಾರೆಸ್ಟ್ ಅನ್ನು ತನ್ನ ಬೇಟೆಗೆಂದು ಮೀಸಲಿಟ್ಟವನು ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ 1ನೇ ವಿಲಿಯಂ, 1079ರ ಸುಮಾರಿಗೆ. ಅವನ ಮಗ ವಿಲಿಯಂ ರೂಫಸ್ ಇದೇ ಕಾಡಿನಲ್ಲಿ 1100ರ ಆಗಸ್ಟ್ 2ರಂದು ಬೇಟೆಯ ನಡುವೆ ಬಾಣ ತಗುಲಿ ಸತ್ತ. ಆ ಜಾಗ ಅಂತ ಗುರುತಿಸಿದ ಕಡೆ ಒಂದು ಕಲ್ಲಿದೆ. ನೋಡಿ ಮುಂದೆ ಹೋದೆವು.

ಲಿಂಡ್‌ಹರ್ಸ್ಟ್ ದಾಟಿ ಬೋಲ್ಡರ್‌ವುಡ್‌ಗೆ ಬಂದಾಗ ನಾಲ್ಕು ಗಂಟೆ. ಹುಲ್ಲುಗಾವಲಿನ ಅಂಚಿಗೆ ನಿಂತು ನೋಡಲು ಮರದ ಕಟ್ಟೆಯಿದೆ. ಮುಂದೆ ಇಪ್ಪತ್ತಕ್ಕೂ ಜಾಸ್ತಿ ಫಾಲೋ ಜಿಂಕೆ. ನಮ್ಮ ಚುಕ್ಕೆ ಜಿಂಕೆಯ ದೂರದ ನೆಂಟರ ಹಾಗೆ. ಬೇಸಿಗೆಯ ಚುಕ್ಕೆಗಳು ಮಾಸಿ ಚಳಿಗಾಲದ ಬೂದು ಮೈ ಬರುತ್ತಿತ್ತು. ಗಂಡಿನ ಕೊಂಬು ಮಾತ್ರ ಬೇರೆಯೇ. ತುದಿಯಲ್ಲಿ ಅಂಗೈ ಬಿಚ್ಚಿದ ಹಾಗೆ ಅಗಲ.

ಇವು ಈ ನೆಲದವಲ್ಲ. ಟರ್ಕಿ ಕಡೆಯ ಪ್ರಾಣಿ. ರೋಮನ್ನರು ಒಮ್ಮೆ ತಂದು ಸಾಕಿದ್ದರು, ಆ ಸಂತತಿ ಉಳಿಯಲಿಲ್ಲ. 11ನೇ ಶತಮಾನದಲ್ಲಿ ನಾರ್ಮನ್ನರ ಕಾಲಕ್ಕೆ ಮತ್ತೆ ಬಂದವು. ಹಿಂಡಿನಲ್ಲಿ ಇರುತ್ತವೆ, ಸಣ್ಣ ಜಾಗಕ್ಕೂ ಹೊಂದಿಕೊಳ್ಳುತ್ತವೆ. ಜಿಂಕೆವನಗಳು ಅಷ್ಟು ಹೆಚ್ಚಿದ್ದಕ್ಕೆ ಈ ಜಿಂಕೆಯ ಸ್ವಭಾವವೂ ಕಾರಣ. ಈಗ ಇಂಗ್ಲೆಂಡಿನ ಕಾಡುಗಳಲ್ಲಿ ಬಿಡುಬೀಸಾಗಿ ಓಡಾಡುವ ಎಷ್ಟೋ ಜಿಂಕೆಗಳು, ಬೇಲಿ ಕೊಳೆತು ಹಾಳಾದ ಜಿಂಕೆವನಗಳಿಂದ ತಪ್ಪಿಸಿಕೊಂಡವುಗಳ ಮರಿಮಕ್ಕಳು.

ಕತ್ತಲಾಗುವ ಹೊತ್ತಿಗೆ ಕಾಡಿನೊಳಗಿನಿಂದ ಒಂದು ದನಿ ಬಂತು. ಗೊರಕೆಯೂ ಅಲ್ಲ, ತೇಗೂ ಅಲ್ಲ. ಒಂದೇ ಸಮನೆ, ಗರಗಸ ಎಳೆದಂತೆ. ಹೆಣ್ಣಿಗಾಗಿ ಕೂಗುವ ಗಂಡು ಜಿಂಕೆ. ಪುಟ್ಟಿ ನನ್ನ ಕೈ ಹಿಡಿದುಕೊಂಡಳು. ಫೋನಿನಲ್ಲಿ ಆ ದನಿಯನ್ನು ರೆಕಾರ್ಡ್ ಮಾಡಿ ಅಪ್ಪನಿಗೆ ಕಳಿಸಿದೆ. ಊರಿನಲ್ಲಿ ಆಗಲೇ ರಾತ್ರಿ, ಉತ್ತರ ಬರಲಿಲ್ಲ.

ಬೆಳಿಗ್ಗೆ ಎದ್ದಾಗ ಅಪ್ಪನ ವಾಯ್ಸ್ ಮೆಸೇಜ್ ಇತ್ತು.

"ಇದು ಜಿಂಕೆ ಕೂಗಾ, ಮಗ? ನಾನು ಹಂದಿ ಅಂದ್ಕಂಡೆ. ರಾತ್ರಿ ಎರಡು ಆನೆ ಬಂದಿದ್ವು. ಕಂದಕದ ದಡವ ಕಾಲಲ್ಲೇ ಕೆಡವಿ, ಮಣ್ಣು ತುಂಬಿಸ್ಕಂಡು ದಾಟವೆ. ಕೆಳಗಿನ ತಾಕಿನ ರಾಗಿ ಎಲ್ಲಾ ತುಳ್ದಾಕವೆ. ಅವ್ರು ಏರಿ ಮ್ಯಾಲೆ ಗೂಟ ಹೆಂಗೆ ನೆಡ್ತಿದ್ರು ಅಂತ ಒಂದು ಚಿತ್ರ ಇದ್ರೆ ಕಳ್ಸು."

ಪುಟ್ಟಿ ತಿಂಡಿ ಬಿಟ್ಟು ಪೆನ್ಸಿಲ್ ತಂದಳು. ಮೊದಲು ಕಂದಕ ಬರೆದಳು, ಆಮೇಲೆ ಏರಿ. ಗೂಟಗಳನ್ನು ಒಂದೊಂದಾಗಿ ಎಳೆಯುತ್ತಾ, "ತಾತನ ಹೊಲ ಯಾವ ಕಡೆ ಬರ್ಕೊಳ್ಲಿ ಚಿಕ್ಕಮ್ಮ?" ಅಂತ ಕೇಳಿದಳು.